ತೊಳೆದಿಟ್ಟ ಹನ್ನೆರಡು ಟೆಸ್ಟ್‌ಟ್ಯೂಬು

ಈ ಪ್ರಸಂಗವನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಕೆಲಸದ ಜಾಗದಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ಚಹದ ಹೊತ್ತಿನಲ್ಲಿ ಹೇಳಿದ್ದೇನೆ, ಗಂಡನ ಮನೆಯವರಿಗೆ ಹೇಳಿದ್ದೇನೆ, ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತಳಿಗೂ ಹೇಳಿದ್ದೇನೆ. ಹೇಳುವ ರೀತಿ ಯಾವಾಗಲೂ ಒಂದೇ. ಪುಣೆಯಲ್ಲಿ ಎಂ.ಎಸ್ಸಿ.ಯ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ನಾನು ಮಾಡಿದ ಒಂದು ಎಡವಟ್ಟಿನಿಂದ ಅಕ್ಕ ತಮಗೆ ಕೊಟ್ಟ ಸಂಯುಕ್ತವನ್ನು ಬೇರೆಯೇ ಏನೋ ಎಂದು ಬರೆಯುವುದರಲ್ಲಿದ್ದರು. ನಾನು ಸಿಂಕಿನ ಬಳಿ ನಿಂತು ಕನ್ನಡದಲ್ಲಿ ಒಂದೇ ಒಂದು ವಾಕ್ಯ ಹೇಳಿದೆ. ಪರೀಕ್ಷಕರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕ ಪಾಸಾದರು. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ.

ಎರಡು ಸಾವಿರದ ಆರರಲ್ಲಿ ಮನೆ ಬದಲಿಸುವಾಗ ಆ ವರ್ಷದ ಡೈರಿ ಕೈಗೆ ಬಂತು. ಪರೀಕ್ಷೆಯ ದಿನದ ಪುಟದಲ್ಲಿ ಇಷ್ಟೇ ಇತ್ತು: ಇಂದು ಆರ್ಗ್ಯಾನಿಕ್ ಪ್ರಾಕ್ಟಿಕಲ್. ನನ್ನದು ಸುಲಭದ ಆಮ್ಲ, ನಾಲ್ಕಕ್ಕೆ ಮುಗಿಯಿತು. ಅಕ್ಕನದು ಎಸ್ಟರ್, ಕಡೆಗೆ ಸರಿಬಂತು. ತಲೆನೋವು. ಊಟ ಬೇಡವೆನಿಸಿತು.

ಆ ಕಾಲದಲ್ಲಿ ನಾನು ಡೈರಿಯಲ್ಲಿ ಏನನ್ನೂ ಬಿಡುತ್ತಿರಲಿಲ್ಲ. ಕಂಡಕ್ಟರು ನನ್ನ ಮರಾಠಿಯನ್ನು ಅಣಕಿಸಿದ್ದು, ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು, ಎಲ್ಲ ಬರೆಯುತ್ತಿದ್ದೆ. ಅಂಥವಳು, ಪರೀಕ್ಷೆಯ ಹಾಲಿನಲ್ಲಿ ಎಲ್ಲರ ಎದುರಿಗೆ ಧೈರ್ಯ ಮಾಡಿ ಆಡಿದ ಆ ಮಾತನ್ನು ಬರೆಯದೆ ಬಿಟ್ಟೆನೇ? ಒಬ್ಬರನ್ನು ಉಳಿಸಿ ಮನೆಗೆ ಬಂದ ಹುಡುಗಿಗೆ ಊಟ ಏಕೆ ಬೇಡವೆನಿಸಿತು? ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕುಳಿತು ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ನಿಜವಾಗಿ ಹೇಳಿದೆನೇ, ಇಲ್ಲವೇ? ಹತ್ತು ವರ್ಷದಲ್ಲಿ ಮೊದಲ ಸಲ ಈ ಪ್ರಶ್ನೆ ಹುಟ್ಟಿತು. ಹುಟ್ಟಿದ ಮೇಲೆ ಸುಮ್ಮನಾಗಲಿಲ್ಲ.

ಅಕ್ಕ ನನ್ನ ಸ್ವಂತ ಅಕ್ಕ ಅಲ್ಲ. ನನ್ನ ಸಹಪಾಠಿ. ನನಗೆ ಇಪ್ಪತ್ತೆರಡು, ಅವರಿಗೆ ಮೂವತ್ತಾರು. ಬೆಳಗಾವಿ ಕಡೆಯವರು, ಮದುವೆಯಾಗಿ ಪುಣೆಗೆ ಬಂದು, ಚಿಂಚವಡದ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಜೂನಿಯರ್ ಕಾಲೇಜಿನಲ್ಲಿ ಕಲಿಸಬೇಕೆಂಬ ಆಸೆಗೆ ಎಂ.ಎಸ್ಸಿ. ಬೇಕಿತ್ತು. ಶಾಲೆಯಿಂದ ಸಂಬಳವಿಲ್ಲದ ರಜೆ ತೆಗೆದುಕೊಂಡು ಬಂದಿದ್ದರು. ನಮ್ಮದು ಧಾರವಾಡದ ಕಡೆಯ ಮನೆತನ, ಅಪ್ಪನ ಆಫೀಸಿನ ವರ್ಗದಿಂದಾಗಿ ಪುಣೆಯಲ್ಲಿ ಬೆಳೆದವಳು ನಾನು. ಕೊನೆಯ ವರ್ಷದ ಮೊದಲ ದಿನ ಬ್ಯಾಲೆನ್ಸಿನ ಮುಂದೆ ಸರದಿಗೆ ನಿಂತಾಗ ಅವರು ತಮ್ಮಷ್ಟಕ್ಕೆ ತಾವೇ ‘ಇದು ಒಂದ್ ಕಡೆ ನಿಂದ್ರವಲ್ದಲಾ’ ಎಂದು ಗೊಣಗಿದ್ದು ಕೇಳಿ ನಾನು ನಕ್ಕೆ. ಅವರು ತಿರುಗಿ ನೋಡಿ, ನೀನು ನಮ್ಮಾಕೀನೇನು ಎಂದರು. ಅಂದಿನಿಂದ ನಾನು ಅವರಿಗೆ ಅಕ್ಕಾರ ಎನ್ನುತ್ತಿದ್ದೆ, ಅವರು ನನಗೆ ತಂಗಿ, ಸಿಟ್ಟು ಬಂದರೆ ಹುಚ್ಚಿ.

ನಮ್ಮ ಪ್ರಾಕ್ಟಿಕಲ್ ಎಂದರೆ ಏನೆಂದು ಹೇಳಬೇಕು. ಒಂದು ಸಣ್ಣ ಬಾಟಲಿ ಕೊಡುತ್ತಿದ್ದರು. ಮೇಲೆ ಹೆಸರಿರುತ್ತಿರಲಿಲ್ಲ, ಒಂದು ಅಂಕಿ ಮಾತ್ರ. ಒಳಗೆ ಬಿಳಿ ಪುಡಿಯೋ ಬಣ್ಣವಿಲ್ಲದ ಎಣ್ಣೆಯಂಥ ದ್ರವವೋ ಇರುತ್ತಿತ್ತು. ಸಂಜೆಯೊಳಗೆ ಅದು ಯಾವ ವಸ್ತು, ಅದರ ಅಣುವಿನ ಕಟ್ಟು ಹೇಗಿದೆ ಎಂದು ಹೇಳಬೇಕು. ಕಟ್ಟನ್ನು ನೇರವಾಗಿ ತೋರಿಸುವ ಯಂತ್ರ ಮೇಲಿನ ಮಹಡಿಯಲ್ಲಿತ್ತು, ಅದು ಸಂಶೋಧನೆ ಮಾಡುವವರಿಗೆ. ನಮಗೆ ಬರ್ನರು, ಟೆಸ್ಟ್‌ಟ್ಯೂಬು, ಮೂವತ್ತು ನಲವತ್ತು ಬಾಟಲಿ ರಾಸಾಯನಿಕ. ಸುಟ್ಟರೆ ಹೊಗೆ ಕಪ್ಪಗೆ ಬಂದರೆ ಒಳಗೆ ಬೆಂಜೀನಿನ ಉಂಗುರ ಇರಬಹುದು. ಕಿತ್ತಳೆ ಬಣ್ಣದ ಒಂದು ದ್ರಾವಣವಿತ್ತು, ಅದನ್ನು ಹಾಕಿದಾಗ ಗಸಿ ಕಟ್ಟಿದರೆ ಆಲ್ಡಿಹೈಡ್ ಅಥವಾ ಕೀಟೋನ್. ಬೆಳ್ಳಿಯ ದ್ರಾವಣದಲ್ಲಿ ಬಿಸಿ ಮಾಡಿದಾಗ ಟ್ಯೂಬಿನ ಒಳಗೋಡೆಗೆ ಕನ್ನಡಿ ಕಟ್ಟಿದರೆ ಆಲ್ಡಿಹೈಡ್, ಕಟ್ಟದಿದ್ದರೆ ಕೀಟೋನ್. ಅಯೋಡಿನ್ನೂ ಕ್ಷಾರವೂ ಸೇರಿದಾಗ ಆಸ್ಪತ್ರೆಯ ವಾಸನೆಯ ಹಳದಿ ಪುಡಿ ಬಿದ್ದರೆ ಆ ಕೀಟೋನಿನ ಒಂದು ತುದಿ ಎಂಥದೆಂದೂ ಗೊತ್ತಾಯಿತು. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಹೋಗಿ ಕೊನೆಗೆ ಒಂದೇ ಒಂದು ಹೆಸರು ಉಳಿಯಬೇಕು.

ಕಾಗದದ ಮೇಲೂ ಇದೇ ಆಟ ಇತ್ತು. ‘ಎ’ ಎಂಬ ವಸ್ತುವನ್ನು ಕ್ಷಾರದಲ್ಲಿ ಕುದಿಸಿದರೆ ‘ಬಿ’ ಮತ್ತು ‘ಸಿ’ ಬರುತ್ತವೆ, ‘ಬಿ’ಯನ್ನು ಹೀಗೆ ಮಾಡಿದರೆ ‘ಡಿ’, ಹಾಗಾದರೆ ‘ಎ’ ಯಾವುದು. ಅಕ್ಕ ಇಂಥ ಲೆಕ್ಕಗಳನ್ನು ತಮ್ಮ ಶಾಲೆಯ ಮಕ್ಕಳ ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬಿಡಿಸುತ್ತಿದ್ದರು. ಒಂದು ಕಡೆ ಯಾವನೋ ಎಂಟನೆಯ ತರಗತಿಯವನು ಬರೆದ ಈರುಳ್ಳಿ ಸಿಪ್ಪೆಯ ಚಿತ್ರ, ಇನ್ನೊಂದು ಕಡೆ ನಮ್ಮ ಎ, ಬಿ, ಸಿ. ನಾನು ಮೊದಲಿನಿಂದ ಹೊರಟು ದಾರಿ ತಪ್ಪುತ್ತಿದ್ದೆ. ಅವರು ಕೊನೆಯ ಅಕ್ಷರದಿಂದ ಹಿಂದಕ್ಕೆ ನಡೆದು ಬರುತ್ತಿದ್ದರು. ನನಗೆ ತಿಳಿಯದೆ ಹೋದಾಗ ಒಮ್ಮೆ ಕ್ಯಾಂಟೀನಿನಲ್ಲಿ ಪೆನ್ನು ಕೆಳಗಿಟ್ಟು ಹೇಳಿದ್ದು ನೆನಪಿದೆ.

“ಕ್ಲಾಸಿಗೆ ಹೊಸಾ ಹುಡುಗಿ ಬಂದ್ಲು ಅಂತ ತಿಳಿ. ನೀ ಯಾರವಾ ಅಂದ್ರ ಏನ ಹೇಳ್ತಾಳ? ತಲಿ ಬಗ್ಗಿಸಿ ನಿಂದರ್ತಾಳ. ಹಾಡ ಅಂದ್ರ ಏನ ಮಾಡ್ತಾಳ, ಬೈದ್ರ ಏನ ಮಾಡ್ತಾಳ, ಬಾಜೂದಾಕಿ ಪೆನ್ಸಿಲ್ ಕಸಗೊಂಡ್ರ ಏನ ಮಾಡ್ತಾಳ, ಅದನ್ನ ನೋಡಬೇಕು. ವಾರದಾಗ ಗೊತ್ತಾಗ್ತದ.”

ಇದು ಅವರು ಹೇಳಿದ್ದೇ, ನಾನು ಕಟ್ಟಿದ್ದಲ್ಲ. ಡೈರಿಯಲ್ಲಿದೆ.

ಅವರ ತಲೆ ಚುರುಕು, ಕೈ ನಿಧಾನ. ಒಂದು ಟ್ಯೂಬನ್ನು ನೀರಿನಲ್ಲಿ ಮೂರು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕಿ, ನೀರು ಇಳಿಯುವವರೆಗೆ ಕಾಯುತ್ತಿದ್ದರು. ಹಾಲಿನ ಪಾತ್ರೆ ತೊಳೆದಂತೆ. ಹಿಂದಿನ ವರ್ಷ ಇದೇ ಪರೀಕ್ಷೆಯಲ್ಲಿ ಹೊತ್ತು ಸಾಲದೆ ಫೇಲಾಗಿದ್ದರು. ಈಗ ಎರಡನೆಯ ಸಲ ಕೂರುತ್ತಿದ್ದರು. ಜೂನಿಗೆ ರಜೆ ಮುಗಿಯುತ್ತಿತ್ತು, ಮತ್ತೆ ವಿಸ್ತರಿಸುವುದಿಲ್ಲವೆಂದು ಶಾಲೆಯವರು ಬರೆದು ತಿಳಿಸಿದ್ದರು. ಪಾಸಾದರೆ ಸಾಲದು, ಒಟ್ಟಿನಲ್ಲಿ ಸೆಕೆಂಡ್ ಕ್ಲಾಸ್ ಬರಬೇಕು, ಇಲ್ಲದಿದ್ದರೆ ಜೂನಿಯರ್ ಕಾಲೇಜಿಗೆ ಅರ್ಜಿ ಹಾಕುವಂತೆಯೇ ಇಲ್ಲ. ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ ತಂಗಿ, ಅದಕ್ಕೇ ಹೆದರಿಕೆ ಎಂದಿದ್ದರು ಒಮ್ಮೆ.

ಇನ್ನು ನನ್ನ ಎಡವಟ್ಟು. ತೊಳೆದ ಗಾಜು ಬೇಗ ಒಣಗಬೇಕೆಂದರೆ ಕೊನೆಯಲ್ಲಿ ಸ್ವಲ್ಪ ಅಸಿಟೋನ್ ಹಾಕಿ ಕುಲುಕಿ ಚೆಲ್ಲುವುದು ರೂಢಿ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಬರುವುದು ಇದರದೇ ವಾಸನೆ. ನೀರನ್ನು ಎಳೆದುಕೊಂಡು ಕ್ಷಣದಲ್ಲಿ ಹಾರಿಹೋಗುತ್ತದೆ. ಮೇಲಿನ ಮಹಡಿಯ ಸಂಶೋಧಕರು ಹೀಗೆ ಮಾಡುವುದನ್ನು ನೋಡಿ ನಾನೂ ಕಲಿತಿದ್ದೆ. ಆದರೆ ಅಸಿಟೋನ್ ಸ್ವತಃ ಒಂದು ಕೀಟೋನ್. ಟ್ಯೂಬಿನ ಬುಡದಲ್ಲಿ ಒಂದು ಹನಿ ಉಳಿದರೂ ಕಿತ್ತಳೆ ಗಸಿ ಕಟ್ಟುತ್ತದೆ, ಹಳದಿ ಪುಡಿಯೂ ಬೀಳುತ್ತದೆ. ಬಾಟಲಿಯಲ್ಲಿ ಏನೇ ಇರಲಿ, ಟ್ಯೂಬು ಕೀಟೋನ್ ಎಂದು ಕೂಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟೂವರೆಗೆ ನಮ್ಮನ್ನು ಒಳಗೆ ಬಿಟ್ಟರು. ಒಂಬತ್ತಕ್ಕೆ ಬಾಟಲಿ ಹಂಚುವುದು, ಅಷ್ಟರೊಳಗೆ ಗಾಜಿನ ಸಾಮಾನು ತೊಳೆದು ಜೋಡಿಸಿಕೊಳ್ಳಬೇಕು. ಅಕ್ಕ ಬಂದಿರಲಿಲ್ಲ. ಲೋಣಾವಳಾ ಕಡೆಯಿಂದ ಬರುವ ಲೋಕಲ್ ತಡವೆಂದು ಯಾರೋ ಹೇಳಿದರು. ನನ್ನದು ತೊಳೆದಾಗಿತ್ತು. ಅವರ ಜಾಗಕ್ಕೆ ಹೋಗಿ ರ್ಯಾಕಿನಲ್ಲಿದ್ದ ಹನ್ನೆರಡು ಟ್ಯೂಬುಗಳನ್ನು ತೊಳೆದೆ. ಅವರು ಬಂದಮೇಲೆ ಒಂದು ನಿಮಿಷವೂ ಹಾಳಾಗಬಾರದು, ಎಲ್ಲ ಒಣಗಿ ಸಿದ್ಧವಿರಬೇಕು ಎಂದು ಹನ್ನೆರಡಕ್ಕೂ ಅಸಿಟೋನ್ ಹಾಕಿ ಕುಲುಕಿದೆ. ಫ್ಯಾನಿನ ಗಾಳಿಗೆ ಧೂಳು ಬೀಳದಿರಲೆಂದು ತಕ್ಷಣ ಬೂಚು ಹಾಕಿದೆ. ಹಾರಿಹೋಗಬೇಕಾದದ್ದನ್ನು ಹೀಗೆ ಒಳಗೇ ಹಿಡಿದಿಟ್ಟೆ. ನನ್ನ ಟ್ಯೂಬುಗಳಿಗೆ ಬರೀ ನೀರು, ಅವರಿಗೆ ಒಳ್ಳೆಯದು.

ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಬಂದರು. ರ್ಯಾಕು ನೋಡಿ ನಿಂತುಬಿಟ್ಟರು. ಬಾಟಲಿ ಹಂಚಲು ಟ್ರೇ ಹಿಡಿದು ನಿಂತಿದ್ದ ಲ್ಯಾಬಿನ ವಯಸ್ಸಾದ ಅಟೆಂಡರು, ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು, ಮರಾಠಿಯಲ್ಲಿ, ನಿಮ್ಮ ತಂಗಿ ಮದುವೆಮನೆಯ ಪಾತ್ರೆ ತೊಳೆದ ಹಾಗೆ ತೊಳೆದಿದ್ದಾಳೆ ಅಮ್ಮಾ, ಇನ್ನು ಅಡಿಗೆ ಮಾಡುವುದೊಂದೇ ಬಾಕಿ ಎಂದರು. ಅಕ್ಕ ನನ್ನ ಗಲ್ಲ ಹಿಂಡಿದರು. ಆ ಬೆರಳು ಬೆವರಿಗೆ ತಣ್ಣಗಿದ್ದವು. ಇದೊಂದು ಮಾತ್ರ ನನ್ನ ನೆನಪಿನಲ್ಲಿ ಎಂದೂ ಅಲುಗಾಡಿಲ್ಲ.

ನನಗೆ ಬಂದದ್ದು ಬಿಳಿ ಪುಡಿ, ಸೋಡಾದಲ್ಲಿ ನೊರೆ ಬಂತು, ಆಮ್ಲವೆಂದು ಹತ್ತು ನಿಮಿಷದಲ್ಲಿ ತಿಳಿಯಿತು. ಕೀಟೋನಿನ ಪರೀಕ್ಷೆ ನನಗೆ ಬೇಕಾಗಲೇ ಇಲ್ಲ. ಬೇಕಾಗಿದ್ದರೆ ಬೆಳಗಿನ ಅಸಿಟೋನ್ ನೆನಪಾಗುತ್ತಿತ್ತೋ ಏನೋ. ಅಕ್ಕನಿಗೆ ಬಂದದ್ದು ಬಣ್ಣವಿಲ್ಲದ ದ್ರವ. ಬೂಚು ತೆಗೆದಾಗ ಸುಗಂಧರಾಜದ ಹೂವಿನ ಪರಿಮಳ ಬಂತಂತೆ. ಪುಣೆಯ ಹೂವಿನವರು ನಿಶಿಗಂಧ ಎಂದು ಮೊಳಗಟ್ಟಲೆ ಮಾರುವ ಹೂವು ಅದು. ಆದರೆ ಉತ್ತರಪತ್ರಿಕೆಯಲ್ಲಿ ಮೂಗಿನ ಸಾಕ್ಷಿ ನಡೆಯುವುದಿಲ್ಲ. ಟೆಸ್ಟು ಮಾಡಿ, ಕಂಡದ್ದನ್ನು ಬರೆದು, ಅದರಿಂದ ತಿಳಿದದ್ದನ್ನು ಮುಂದೆ ಬರೆಯಬೇಕು. ಅವರು ನಾನು ತೊಳೆದಿಟ್ಟ ಟ್ಯೂಬಿನ ಬೂಚು ತೆಗೆದು ತಮ್ಮ ದ್ರವದ ಜೊತೆ ಕಿತ್ತಳೆ ದ್ರಾವಣ ಹಾಕಿದರು. ಗಸಿ ಕಟ್ಟಿತು. ಕನ್ನಡಿ ಕಟ್ಟಲಿಲ್ಲ. ಇನ್ನೊಂದು ಬೂಚು ತೆಗೆದು ಅಯೋಡಿನ್ ಹಾಕಿದರು. ಹಳದಿ ಬಂತು. ಕುದಿಯುವ ಬಿಂದು ಇನ್ನೂರರ ಹತ್ತಿರ. ಅಲ್ಲಿಗೆ ಎಲ್ಲ ಒಂದೇ ಕಡೆ ಬೆರಳು ಮಾಡಿದವು: ಅಸಿಟೋಫಿನೋನ್, ಸಿಹಿ ವಾಸನೆಯ ಒಂದು ಕೀಟೋನ್. ಪತ್ರಿಕೆಯಲ್ಲಿ ಕೀಟೋನ್ ಎಂದು ಬರೆದುಬಿಟ್ಟರು.

ಆದರೂ ಅವರು ಅವರೇ. ಇನ್ನೂ ಹೊತ್ತು ಉಳಿದಿದ್ದರಿಂದ, ಸ್ವಲ್ಪ ದ್ರವವನ್ನು ಕ್ಷಾರದ ಜೊತೆ ಸಣ್ಣ ಉರಿಯಲ್ಲಿ ಕುದಿಯಲು ಇಟ್ಟರು. ಕೀಟೋನಾಗಿದ್ದರೆ ಎಣ್ಣೆ ಮೇಲೆ ಹಾಗೇ ತೇಲಬೇಕು. ಒಂದು ಗಂಟೆಯ ಮೇಲೆ ನೋಡಿದರೆ ಎಣ್ಣೆ ಇರಲಿಲ್ಲ, ಪರಿಮಳವೂ ಇರಲಿಲ್ಲ. ಹೀಗೆ ಒಡೆದು ಕರಗುವುದು ಎಸ್ಟರಿನ ಗುಣ. ಒಂದೇ ಬಾಟಲಿಯ ವಸ್ತು ಎರಡು ಥರ ನಡೆದುಕೊಳ್ಳುತ್ತಿತ್ತು.

ಮಧ್ಯಾಹ್ನ ಒಂದರ ಸುಮಾರಿಗೆ ನಾನು ಸಿಂಕಿನ ಬಳಿ ಇದ್ದೆ. ಅಕ್ಕ ಫ್ಲಾಸ್ಕು ಹಿಡಿದು ಪಕ್ಕಕ್ಕೆ ಬಂದರು. ಪರೀಕ್ಷಕರು ಕಿಟಕಿಯ ಹತ್ತಿರ ಯಾರದೋ ಪತ್ರಿಕೆ ನೋಡುತ್ತಿದ್ದರು. ಮಾತನಾಡುತ್ತ ಸಿಕ್ಕಿಬಿದ್ದರೆ ಇಬ್ಬರ ಪತ್ರಿಕೆಯನ್ನೂ ಕಿತ್ತುಕೊಳ್ಳುತ್ತಿದ್ದರು. ಅಕ್ಕ ನನ್ನ ಕಡೆ ತಿರುಗದೆ, ನಲ್ಲಿಗೆ ಹೇಳುವವರಂತೆ ಮೆಲ್ಲಗೆ ಅಂದರು:

“ಎಲ್ಲಾ ಟೆಸ್ಟ್ ಕೀಟೋನ್ ಅಂತಾವ. ಆದ್ರ ಎಣ್ಣಿ ಪೂರಾ ಕರಗಿ ಹೋತು. ಕೀಟೋನ್ ಯಾಕ ಕರಗ್ತದ?”

ಆಗ ನನಗೆ ತಿಳಿಯಿತು. ಬೆಳಗಿನ ಹನ್ನೆರಡು ಬೂಚು ಕಣ್ಣ ಮುಂದೆ ಬಂದವು.

ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ಇದರ ಮುಂದಿನದೇ ಪ್ರಶ್ನೆ. ನಾನು ಹೇಳುತ್ತ ಬಂದ ಪ್ರಕಾರ, ಆಗ ನಾನೂ ನಲ್ಲಿಯ ಕಡೆ ನೋಡುತ್ತ, ಅಕ್ಕಾರ, ಟ್ಯೂಬಿಗೆ ಅಸಿಟೋನ್ ಹಾಕೀನ್ರಿ ಎಂದೆ. ನನ್ನ ಧ್ವನಿ ನನಗೆ ಕೇಳಿಸುತ್ತದೆ. ಆದರೆ ಈ ಸಲ ಹೊಸ ಮನೆಯ ಖಾಲಿ ಕೋಣೆಯಲ್ಲಿ ಕುಳಿತು ಇಡೀ ದೃಶ್ಯವನ್ನು ಮತ್ತೆ ನಡೆಸಿ ನೋಡಿದಾಗ ಕೆಲವು ವಿಷಯ ಕಂಡವು. ಒಬ್ಬರಿಗೆ ಹೇಳುವಾಗ ನಾನು ನಲ್ಲಿ ಬಿಟ್ಟು ನೀರಿನ ಸದ್ದಿನಲ್ಲಿ ಮಾತನಾಡಿದೆ ಎಂದಿದ್ದೆ. ಇನ್ನೊಬ್ಬರಿಗೆ, ಹಾಲ್ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನ್ನ ಉಸಿರು ನನಗೇ ಕೇಳುತ್ತಿತ್ತು ಎಂದಿದ್ದೆ. ಎರಡೂ ಇರಲಾರದು. ನಾನು ಆ ಮಾತು ಹೇಳಿದಾಗ ಅಕ್ಕನ ಮುಖ ಹೇಗಾಯಿತೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಗಲ್ಲದ ಮೇಲಿನ ಬೆರಳಿನ ತಣುಪು ಇನ್ನೂ ಇದೆ. ಇಷ್ಟು ದೊಡ್ಡ ಸುದ್ದಿ ಕೇಳಿದವರ ಮುಖ ಇಲ್ಲ.

ಆಮೇಲೆ ನಡೆದದ್ದನ್ನು ನನ್ನ ಬೆಂಚಿನಿಂದ ನೋಡಿದ್ದೇನೆ. ಅಕ್ಕ ತಮ್ಮ ಜಾಗಕ್ಕೆ ಹೋಗಿ ಇನ್ನೂ ಬಳಸದ ಒಂದು ಟ್ಯೂಬು ಎತ್ತಿಕೊಂಡರು. ಅದಕ್ಕೆ ತಮ್ಮ ಬಾಟಲಿಯ ದ್ರವ ಹಾಕಲೇ ಇಲ್ಲ. ಬರೀ ಕಿತ್ತಳೆ ದ್ರಾವಣ ಹಾಕಿ ಕಿಟಕಿಯ ಬೆಳಕಿಗೆ ಹಿಡಿದರು. ಏನೂ ಹಾಕದೆ ಮಾಡುವ ಇಂಥ ಟೆಸ್ಟಿಗೆ ನಾವು ಬ್ಲಾಂಕ್ ಎನ್ನುತ್ತಿದ್ದೆವು. ಅದರಲ್ಲಿ ಏನೂ ಬರಬಾರದು. ಬಂದರೆ ತಪ್ಪು ವಸ್ತುವಿನದಲ್ಲ, ಪಾತ್ರೆಯದು. ಬಂತು. ಅಕ್ಕ ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ರ್ಯಾಕನ್ನು ಸಿಂಕಿಗೆ ಒಯ್ದು, ಒಂದೊಂದೇ ಟ್ಯೂಬನ್ನು ನೀರಿನಲ್ಲಿ ಮೂರು ಸಲ ತೊಳೆದರು, ಬೋರಲು ಹಾಕಿದರು, ಕಾದರು. ನನಗೆ ಓಡಿಹೋಗಿ ಕಸಿದುಕೊಂಡು ತೊಳೆಯಬೇಕೆನಿಸುತ್ತಿತ್ತು. ತೊಳೆದ ಟ್ಯೂಬಿನಲ್ಲಿ ಈ ಸಲ ಗಸಿ ಕಟ್ಟಲಿಲ್ಲ. ಪತ್ರಿಕೆ ಕೊಡಬೇಕಾದ ಐದಕ್ಕೆ ಕಾಲು ಗಂಟೆ ಇದ್ದಾಗ, ಕುದಿಸಿದ ದ್ರವಕ್ಕೆ ಆಮ್ಲ ಸೇರಿಸಿ ಬೇರ್ಪಡಿಸಿದ ಬೆಂಜೋಯಿಕ್ ಆಮ್ಲದ ಬಿಳಿ ಹರಳು ಅವರ ಸೋಸುಕಾಗದದ ಮೇಲೆ ಇದ್ದವು. ಕೀಟೋನ್ ಎಂಬುದನ್ನು ಹೊಡೆದುಹಾಕಿ ಮಿಥೈಲ್ ಬೆಂಜೊಯೇಟ್ ಎಂದು ಬರೆದರು. ಸುಗಂಧರಾಜದ ಪರಿಮಳದಲ್ಲಿ ಇರುವುದು ಅದೇ.

ಫಲಿತಾಂಶ ಬಂದಾಗ ಅವರಿಗೆ ಸೆಕೆಂಡ್ ಕ್ಲಾಸ್ ಬಂದಿತ್ತು, ಕೂದಲೆಳೆಯಷ್ಟರಲ್ಲಿ. ಮಳೆಗಾಲ ಮುಗಿಯುವುದರೊಳಗೆ ಜೂನಿಯರ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನಾನು ಒಂದು ಔಷಧಿ ಕಾರ್ಖಾನೆಯ ಪ್ರಯೋಗಾಲಯ ಸೇರಿದೆ. ಅಲ್ಲಿ ಯಂತ್ರಕ್ಕೆ ಚಿಟಿಕೆ ಪುಡಿ ಕೊಟ್ಟರೆ ಅದೇ ಅಣುವಿನ ಕಟ್ಟು ಗೀಚಿ ಕೊಡುತ್ತದೆ, ಟ್ಯೂಬು ಹಿಡಿದು ವರ್ಷಗಳಾದವು. ಅಕ್ಕ ಹಬ್ಬಕ್ಕೆ ಕರೆಯುತ್ತಿದ್ದರು, ನಾನು ಹೋಗುತ್ತಿದ್ದೆ. ಈ ಒಂದು ವಿಷಯ ಮಾತ್ರ ನಮ್ಮ ನಡುವೆ ಎಂದೂ ಬಂದಿರಲಿಲ್ಲ. ಎಲ್ಲರಿಗೂ ಹೇಳಿದ ಕಥೆಯನ್ನು ಅವರೆದುರಿಗೆ ಒಮ್ಮೆಯೂ ಹೇಳಿರಲಿಲ್ಲ ಎಂಬುದು ಡೈರಿ ಸಿಕ್ಕ ಮೇಲೆ ಹೊಳೆಯಿತು. ಅದೂ ಒಂದು ಸಾಕ್ಷಿಯೇ.

ಒಂದು ಭಾನುವಾರ ವಾಕಡಕ್ಕೆ ಹೋದೆ. ಅಕ್ಕನ ಮನೆ ಈಗ ಅಲ್ಲಿ, ಸುತ್ತ ಎಲ್ಲ ಕಡೆ ಕಟ್ಟಡ ಏಳುತ್ತಿದ್ದ ಒಂದು ಹೊಸ ಸೊಸೈಟಿಯ ಮೂರನೆಯ ಮಹಡಿಯಲ್ಲಿ. ಅವರು ಅಡಿಗೆಮನೆಯಲ್ಲಿ ಬದನೆಕಾಯಿಗೆ ಮಸಾಲೆ ತುಂಬುತ್ತಿದ್ದರು. ಮನೆಯವರು ಊರಿಗೆ ಹೋಗಿದ್ದರು. ಕೆಲಸ, ಮಕ್ಕಳು, ನನ್ನ ಹೊಸ ಮನೆಯ ನೀರಿನ ತಾಪತ್ರಯ ಎಲ್ಲ ಮಾತಾಯಿತು. ಕೇಳುವುದು ಹೇಗೆಂದು ಬಸ್ಸಿನಲ್ಲೇ ಯೋಚಿಸಿಕೊಂಡಿದ್ದೆ. ನಾನು ಹೇಳಿದ್ದೆ ಅಲ್ಲವೇ ಎಂದು ಕೇಳಿದರೆ ಅವರು ನನಗೆ ಹಿತವಾದ ಉತ್ತರವನ್ನೇ ಕೊಡುವವರು. ಆದ್ದರಿಂದ ನನ್ನದೇನನ್ನೂ ಬೆರೆಸದೆ, ಪ್ರಾಕ್ಟಿಕಲ್ ದಿನ ಸಿಂಕಿನ ಹತ್ತಿರ ಏನಾಯಿತು, ನಿಮಗೆ ನೆನಪಿದ್ದಷ್ಟು ಹೇಳಿರಿ ಎಂದು ಮಾತ್ರ ಕೇಳಿದೆ.

ಅಕ್ಕನ ಕೈ ನಿಲ್ಲಲಿಲ್ಲ. ಇನ್ನೊಂದು ಬದನೆಕಾಯಿ ಸೀಳಿದರು.

“ಎಣ್ಣಿ ಕರಗಿತು ಅಂತ ನಾ ಅಂದೆ. ನೀ ನನ್ನ ರ್ಯಾಕಿನ ಕಡೆ ನೋಡಿದಿ. ಆಮ್ಯಾಲೆ ನಿನ್ನ ಮುಖ ಹಿಂಗ ಆತು,” ಎಂದು ಮಸಾಲೆಯ ಕೈಯನ್ನು ತಮ್ಮ ಮುಖದ ಮೇಲಿಂದ ಕೆಳಗೆ ಎಳೆದು ತೋರಿಸಿದರು. “ಅನ್ನದ ಗಂಜಿ ಬಣ್ಣ. ನಳಾ ಬಂದ್ ಮಾಡಿ ಹೋಗಿಬಿಟ್ಟಿ.”

ನಾನೇನೂ ಹೇಳಲಿಲ್ಲವೇ ಎಂದು ಕೇಳಿದೆ. ಈಗ ಕೇಳಬಹುದಿತ್ತು.

“ಒಂದ್ ಅಕ್ಷರಾ ಬಾಯಿ ಬಿಡಲಿಲ್ಲ. ನಾ ಹೋಗಿ ಒಂದ್ ಬೂಚ್ ತಗದು ಮೂಸಿದೆ. ಮುಂದ ಬ್ಲಾಂಕ್ ಮಾಡಿದೆ. ನಿನ್ನ ಮುಖ ಅಷ್ಟ ಹೇಳಿದ್ದಕ್ಕ ಪಾಸಾದೆ ಅಂತ ತಿಳಿ.”

ಅವರು ಇದನ್ನು ತಮಾಷೆಯಾಗಿಯೇ ಹೇಳಿದರು. ನಾನು ನಗಲಿಲ್ಲವೆಂದು ಕಂಡು ಉಳಿದದ್ದನ್ನೂ ಹೇಳಿದರು. ಮೌಖಿಕ ಪರೀಕ್ಷೆಯನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಮಾಡಿದ್ದರು. ಮೊದಲು ಕೀಟೋನ್ ಎಂದು ಬರೆದು ಹೊಡೆದುಹಾಕಿದ್ದು ಏಕೆ ಎಂದು ಪರೀಕ್ಷಕರು ಕೇಳಿದರಂತೆ. ಟ್ಯೂಬಿನಲ್ಲಿ ಅಸಿಟೋನ್ ಉಳಿದಿತ್ತು ಎಂದು ಅಕ್ಕ ಹೇಳಿದರಂತೆ. ಯಾರು ಹಾಕಿದರು ಎಂದರೆ, ನಾನೇ. ಶಾಲೆಯಲ್ಲಿ ಕಲಿಸುವವರಿಗೆ ಇಷ್ಟೂ ಗೊತ್ತಿಲ್ಲವೇ, ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಅವರು ಹತ್ತು ನಿಮಿಷ ಬೈದು, ಕೈಕೆಲಸದ ಅಂಕಗಳಲ್ಲಿ ಕಡಿತ ಮಾಡಿದರಂತೆ. ಸೆಕೆಂಡ್ ಕ್ಲಾಸು ಕೂದಲೆಳೆಯ ಮೇಲೆ ನಿಂತದ್ದು ಏಕೆಂದು ನನಗೆ ಆಗ ಗೊತ್ತಾಯಿತು.

ಸಿಟ್ಟು ಬರಲಿಲ್ಲವೇ ಎಂದೆ.

“ಬಂದಿತ್ತು. ರಿಜಲ್ಟ್ ಬರೂತನಕಾ ಇತ್ತು. ನೀ ತೊಳದದ್ದಕ್ಕಲ್ಲ, ಅದು ಪ್ರೀತಿಲೆ ಮಾಡಿದ್ದು. ಅಕ್ಕಾ ತಪ್ಪಾತು ಅಂತ ಸಂಜಿಮುಂದರೆ ಒಂದ್ ಮಾತು ಅಂತಿ ಅಂತ ಕಾದೆ. ಬಸ್‌ಸ್ಟಾಪಿಗೆ ಬಂದಿ, ಭೇಳ ತಿಂದಿ, ಹೋದಿ.”

ಭೇಳಪುರಿ ತಿಂದದ್ದು ನನಗೆ ನೆನಪೇ ಇಲ್ಲ.

ಎರಡು ನೆನಪುಗಳಲ್ಲಿ ಯಾವುದು ನಿಜ? ಅವರದೂ ಹತ್ತು ವರ್ಷ ಹಳೆಯದು, ಅದೂ ಬದಲಾಗಿರಬಹುದು ಎಂದು ವಾದ ಹೂಡಲು ನನ್ನ ತಲೆ ಸಿದ್ಧವಾಗಿತ್ತು. ಆದರೆ ನಾನು ನಂಬುವ ಒಂದು ಪದ್ಧತಿ ಇದೆ. ಮಾಡುವವರಿಗೆ ಬೇಕಾದ ಫಲಿತಾಂಶವೇ ಬಂದಾಗ ಮತ್ತೊಮ್ಮೆ ಪರೀಕ್ಷಿಸಬೇಕು. ನನ್ನ ನೆನಪಿನಿಂದ ನನಗೆ ಲಾಭವಿತ್ತು. ಅವರ ನೆನಪಿನಿಂದ ಅವರಿಗೆ ಏನೂ ಇರಲಿಲ್ಲ. ನಾನು ಹೇಳಬೇಕೆಂದು ಆ ದಿನ, ಆಮೇಲೆ ಅನೇಕ ದಿನ, ಮನಸ್ಸಿನಲ್ಲೇ ಆ ವಾಕ್ಯವನ್ನು ಎಷ್ಟು ಸಲ ಆಡಿಕೊಂಡಿರಬೇಕೆಂದರೆ, ಒಂದು ದಿನ ಅದು ನಿಜವಾಗಿ ಆಡಿದ ಮಾತಿನ ಜಾಗದಲ್ಲಿ ಬಂದು ಕುಳಿತಿರಬೇಕು. ಏಕೆ ಹೇಳಲಿಲ್ಲ? ಪತ್ರಿಕೆ ಹೋಗುವ ಭಯವೇ? ಹಾಗಿದ್ದರೆ ಸಂಜೆ ಬಸ್‌ಸ್ಟಾಪಿನಲ್ಲಿ ಯಾವ ಪರೀಕ್ಷಕರಿದ್ದರು? ಬೆಳಿಗ್ಗೆ ಗಲ್ಲ ಹಿಂಡಿಸಿಕೊಂಡವಳಿಗೆ ಆ ಒಳ್ಳೆಯ ಹೆಸರು ಬಿಟ್ಟುಕೊಡಲು ಮನಸ್ಸಾಗಲಿಲ್ಲ ಎಂದು ಈಗ ಬರೆಯುತ್ತೇನೆ. ಇದೂ ಊಹೆಯೇ.

ಅಕ್ಕ ಕೈ ತೊಳೆದುಕೊಂಡು ಬಂದರು. ಒಲೆಯ ಮೇಲೆ ಒಗ್ಗರಣೆಗೆ ಇಟ್ಟ ಎಣ್ಣೆ ಕಾಯುತ್ತಿತ್ತು. ಅದನ್ನು ಆರಿಸಿ ನನ್ನೆದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು. ಹೋಗಲಿ ಬಿಡು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಅವರು ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಅಕ್ಕಾರ,” ಎಂದೆ. “ಟ್ಯೂಬ್ ನಾ ತೊಳದಿದ್ದೆ ರೀ. ಅಸಿಟೋನ್ ಹಾಕಿದ್ದೆ. ಸಿಂಕಿನ ಹತ್ರ ಗೊತ್ತಾತು. ಹೇಳಲಿಲ್ಲ. ಸಂಜಿಗೂ ಹೇಳಲಿಲ್ಲ. ತಪ್ಪಾತ್ರಿ.”

ಎಷ್ಟು ಸಣ್ಣ ಮಾತು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಅಕ್ಕ ಮೊದಲ ಸಲ ಕೇಳುವವರಂತೆ ಪೂರ್ತಿ ಕೇಳಿದರು, ನಡುವೆ ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಹೂಂ ಎಂದರು. ಅವರ ಕಣ್ಣು ತೇವವಾಗಿದ್ದವು ಎಂದು ಬರೆಯಬೇಕೆನಿಸುತ್ತಿದೆ, ಆದರೆ ನನ್ನ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ.

ಎದ್ದು ಒಲೆ ಮತ್ತೆ ಹಚ್ಚಿದರು. ಬದನೆಕಾಯಿ ಬಾಣಲೆಗೆ ಬಿದ್ದ ಸದ್ದಿನ ಮೇಲಿಂದ, ಸಂಜೆಯ ತನಕ ಇರುತ್ತೀಯಾ ಎಂದು ಕೇಳಿದರು. ಇರುತ್ತೇನೆ ಎಂದೆ. ಹೊರಗಿನ ಕೋಣೆಯ ಮೇಜಿನ ಮೇಲೆ ಅವರ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಜರ್ನಲ್ಲುಗಳು ಎರಡು ಗುಡ್ಡೆಯಾಗಿ ಬಿದ್ದಿದ್ದವು, ನಾಳೆ ಕೊಡಬೇಕಾದವು.

“ಅರ್ಧಾ ನೀ ನೋಡು,” ಎಂದರು. “ಕೆಂಪು ಪೆನ್ ಅಲ್ಲೇ ಅದ. ತಪ್ಪು ಕಂಡ್ರ ನನಗ ಕೂಗಿ ಹೇಳು. ಸುಮ್ನ ಕೂಡಬ್ಯಾಡ ಮತ್ತ.”

ನಾನು ದೊಡ್ಡ ಗುಡ್ಡೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಮೂರನೆಯ ಜರ್ನಲ್ಲಿನಲ್ಲೇ ಒಂದು ತಪ್ಪು ಸಿಕ್ಕಿತು. ಅಡಿಗೆಮನೆಗೆ ಕೇಳುವಂತೆ ಕೂಗಿ ಹೇಳಿದೆ.